ಮರಳು ತುಂಬಿದ ಹೂದಾನಿ

ಹನ್ನೊಂದು ವರ್ಷದಿಂದ ನಾನು
ಕಂಡವರ ಮನೆಯ ನೀರು ಇಣುಕುವವಳು.
ಇಕಿಟೋಸ್ ನಮ್ಮೂರು. ಸುತ್ತ ನದಿಯೇ ನದಿ,
ನಲ್ಲಿಯಲ್ಲಿ ಮಾತ್ರ ನೀರು ನಸುಕಿನ ಒಂದೇ ತಾಸು.
ಹಾಗಾಗಿ ಹಿತ್ತಿಲಲ್ಲಿ ನೀಲಿ ಡ್ರಮ್ಮುಗಳು,
ಬಾಯಿ ತೆರೆದು ಊಟಕ್ಕೆ ಕಾಯುವ ಬೀಗರ ಹಾಗೆ.

ಕೈಯಲ್ಲಿ ಸಣ್ಣ ಕನ್ನಡಿ. ಬಿಸಿಲನ್ನು ಮುರಿದು
ಡ್ರಮ್ಮಿನ ತಳಕ್ಕೆ ಎಸೆಯುತ್ತೇನೆ.
ಬೆಳಕು ಬಿದ್ದೊಡನೆ ಕುಣಿಕುಣಿದು ಕೆಳಗಿಳಿಯುತ್ತವೆ
ಅಲ್ಪವಿರಾಮದಂಥ ಹುಳಗಳು,
ಮುಗಿಯದ ವಾಕ್ಯದಿಂದ ಉದುರಿದಂತೆ.

"ನಮ್ಮ ನೀರು ಶುದ್ಧ, ಮುಖ ಕಾಣುತ್ತೆ ನೋಡು"
ಎಂದಿದ್ದಳು ಸೊರಾಯ್ದಾ ತಪುಯಿಮಾ.
ಅದಕ್ಕೂ ಬೇಕಾದ್ದು ಅದೇ, ಅಜ್ಜಿ.
ಚರಂಡಿಯ ಸೊಳ್ಳೆಯಲ್ಲ ಇದು,
ಕಾಲಿಗೆ ಬಿಳಿ ಪಟ್ಟೆ ಕಟ್ಟಿಕೊಂಡ ನಾಜೂಕಿನವಳು,
ಹಾಡುಹಗಲೇ ಬರುತ್ತಾಳೆ, ಮೇಜಿನಡಿಯಿಂದ,
ಬಾಳೆಕಾಯಿ ಸುಲಿಯುವವಳ ಕಣಕಾಲಿಗೆ.
ಹನಿ ಹನಿ ಗೂಡಿದರೆ ಹಳ್ಳ ಅಂತಾರೆ;
ಇವಳಿಗೆ ಹಳ್ಳ ಬೇಡ, ಬಾಟಲಿಯ ಮುಚ್ಚಳ ಸಾಕು.

ನೀರು ಚೆಲ್ಲಿದರೆ ಸಾಲದು, ಒಳಗೋಡೆ ತಿಕ್ಕಬೇಕು,
ಮೊಟ್ಟೆ ಒಣಗಿಯೂ ಸಾಯದೆ ತಿಂಗಳುಗಟ್ಟಲೆ ಕಾಯುತ್ತದೆ,
ಮಗು ಮಧ್ಯಾಹ್ನ ಮಲಗಿದಾಗಲೂ ಪರದೆ ಇಳಿಬಿಡಬೇಕು...
ಗಿಣಿಪಾಠ ಒಪ್ಪಿಸಿದೆ. ಅವಳು ಬಾಗಿಲು ಹಾಕಿಕೊಂಡಳು.
ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ: ಒಪ್ಪಲಿಲ್ಲ.
ದಿನಕ್ಕೆ ಇಪ್ಪತ್ತೈದು ಮನೆ ಮುಗಿಸಬೇಕು, ಸಂಬಳ ಹಾಗಿದೆ.

ದೆಯ್ಸಿಗೆ ಏಳು ವರ್ಷ. ಅವಳ ಮೊಮ್ಮಗಳು.
ನಾಲ್ಕು ದಿನ ಎಲುಬು ಮುರಿಯುವ ಜ್ವರ,
ಐದನೆಯ ಬೆಳಿಗ್ಗೆ ಹಣೆ ತಣ್ಣಗಾಯಿತು.
ಮನೆಯೇ ಉಸಿರು ಬಿಟ್ಟಿತು. ಅಜ್ಜಿ ಕೋಳಿ ಕೊಯ್ದು ಸಾರು ಮಾಡಿದಳು.
ಜ್ವರ ಇಳಿದಾಗಲೇ ಹೆದರಬೇಕು ಎಂಬುದು
ನಾನು ಹಂಚುವ ಚೀಟಿಯಲ್ಲಿತ್ತು,
ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ.
ಸಂಜೆಗೆ ಹೊಟ್ಟೆನೋವು, ವಸಡಿನಲ್ಲಿ ರಕ್ತ,
ಮೂರು ಗಾಲಿಯ ಗಾಡಿಯಲ್ಲಿ ಆಸ್ಪತ್ರೆಗೆ;
ನೀರು, ನೀರು ಅನ್ನುತ್ತಿತ್ತಂತೆ ದಾರಿಯುದ್ದಕ್ಕೂ.

ಇದನ್ನೂ ಹೇಳಿಬಿಡುತ್ತೇನೆ:
ಅದೇ ವಾರ ನನ್ನ ಮನೆಯ ಫ್ರಿಜ್ಜಿನ ಹಿಂದೆ,
ಕರಗಿದ ನೀರು ಬೀಳುವ ತಟ್ಟೆಯಲ್ಲಿ,
ನನ್ನದೇ ಕನ್ನಡಿಗೆ ಒಂಬತ್ತು ಹುಳ.
ಯಾವ ಬಾಗಿಲ ಮೇಲೂ ಬರೆಯಲಿಲ್ಲ.
ತಟ್ಟೆ ಉಜ್ಜಿದೆ, ಉಗುರು ಕಿತ್ತುಬರುವ ಹಾಗೆ.

ಅಕ್ಟೋಬರ್ ಕೊನೆ. ಸತ್ತವರ ಹಬ್ಬಕ್ಕೆ ಮೊದಲು
ನಮ್ಮನ್ನು ಸ್ಮಶಾನಕ್ಕೆ ಕಳಿಸುತ್ತಾರೆ, ಬಕೆಟ್ ತುಂಬ ಮರಳು ಕೊಟ್ಟು.
ಗೋರಿಗೊಂದು ಹೂದಾನಿ, ಹೂದಾನಿಗೊಂದು ಬೊಗಸೆ ನೀರು,
ನೀರಿಗೊಂದು ಪೀಳಿಗೆ.
ಚೆಲ್ಲು, ಮರಳು ತುಂಬು, ಮುಂದಕ್ಕೆ ನಡೆ.

ಆರನೆಯ ಸಾಲಿನಲ್ಲಿ ಅವಳು ಕೂತಿದ್ದಳು,
ಹಾಲಿನ ಡಬ್ಬಿಯ ಹೂದಾನಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು.
"ಇದನ್ನು ಮುಟ್ಟಬೇಡ. ನೀರು ಕೇಳುತ್ತಲೇ ಹೋದವಳು."
ಗಿಣಿಪಾಠ ಬಾಯಿಗೆ ಬಂತು. ನುಂಗಿದೆ.
ಪಕ್ಕದಲ್ಲಿ ಕೂತು ಕನ್ನಡಿ ಕೊಟ್ಟೆ.
ಅವಳೇ ಬಿಸಿಲು ಹಿಡಿದಳು, ಅವಳೇ ಬಗ್ಗಿದಳು,
ಬಹಳ ಹೊತ್ತು ನೋಡಿದಳು.

ಆಮೇಲೆ ಕಾದ ಸಿಮೆಂಟಿನ ಮೇಲೆ ಸುರಿದಳು.
ಕುಣಿಯುವುದು ನಿಲ್ಲುವವರೆಗೆ, ಒದ್ದೆಯ ಕಲೆ ಆರುವವರೆಗೆ
ಅಲ್ಲಾಡದೆ ಕೂತಳು.
ಮರಳನ್ನು ತಾನೇ ತುಂಬಿದಳು, ಬೆರಳಿಂದ ಒತ್ತಿ ಒತ್ತಿ,
ಸೇರಿಗೆ ಅಕ್ಕಿ ಅಳೆಯುವ ಹಾಗೆ.
ನಾನು ಕುಡಿಯಲೆಂದು ತಂದ ಬಾಟಲಿ ತೆಗೆದು
ಅದರ ಮೇಲೆ ಹೊಯ್ದೆ. ಮರಳು ಕುಡಿಯಿತು.
ಮತ್ತೆ ಹೊಯ್ದೆ. ಮತ್ತೆ ಕುಡಿಯಿತು.
"ಒಳಗೆಲ್ಲ ನೀರೇ ಇದೆ, ಅಜ್ಜಿ.
ಹೂವಿಗೆ ಸಿಗುತ್ತದೆ. ಅದಕ್ಕೆ ಸಿಗುವುದಿಲ್ಲ."

ಅವಳು ಮಾತಾಡಲಿಲ್ಲ.
ನನ್ನ ಕಣಕಾಲ ಮೇಲೆ ಏನೋ ಕೂತಿರಬೇಕು,
ಫಟಾರನೆ ಹೊಡೆದಳು,
ಅಂಗೈ ತಿರುಗಿಸಿ ನೋಡಿ ಲಂಗಕ್ಕೆ ಒರೆಸಿದಳು.
"ಕಾಲು ಮುಚ್ಚುವಂಥ ಬಟ್ಟೆ ಹಾಕು" ಅಂದಳು,
"ಇಷ್ಟು ವರ್ಷವಾಯಿತು, ಇನ್ನೂ ಗೊತ್ತಾಗಲಿಲ್ಲವೇ ನಿನಗೆ?"